ತೋಳದ ಹಿಂಡಿನಲ್ಲಿ ಯಜಮಾನ ಯಾರು?

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ. ಆದರೆ ಹಳ್ಳಕ್ಕೆ ಬಿದ್ದ ತೋಳ ಹೇಗಿರುತ್ತದೆ ಅಂತ ನಾನು ನೋಡಿದ್ದು ಚೆನ್ನೈಗೆ ಬಂದ ಮೇಲೆ. ವಂಡಲೂರಿನ ಅರಿಜ್ಞರ್ ಅಣ್ಣಾ ಮೃಗಾಲಯದಲ್ಲಿ, ಬೇಲಿಯ ಆಚೆ, ಬಡಕಲು ಮೈಯ, ಉದ್ದ ಕಾಲಿನ, ಒಣಹುಲ್ಲಿನ ಬಣ್ಣದ ಪ್ರಾಣಿಯೊಂದು ಮರದ ನೆರಳಿನಲ್ಲಿ ಕೂತಿತ್ತು. ಸಿಂಹ ನೋಡಲು ಓಡುತ್ತಿದ್ದ ಜನ ಒಂದು ಗಳಿಗೆ ನಿಂತು, "ನಾಯ್ ದಾನ್ ಡಾ" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ತಮಿಳಿನಲ್ಲಿ ತೋಳಕ್ಕೆ ಓನಾಯ್ ಎನ್ನುತ್ತಾರೆ. ಹೆಸರಿನಲ್ಲೇ ನಾಯಿ ಇರುವಾಗ ಅವರದೇನು ತಪ್ಪು?

ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನಮ್ಮ ಊರು ಕೊಪ್ಪಳದ ಕಡೆ. ಅಜ್ಜನಿಗೆ ಕುರಿಗಳಿದ್ದವು. ಒಂದು ವರ್ಷ ಹಟ್ಟಿಯಿಂದ ಒಂದು ಮರಿಯನ್ನು ತೋಳ ಹೊತ್ತುಕೊಂಡು ಹೋಯಿತು. ಮನೆಯಲ್ಲಿ ಎಲ್ಲರೂ ಶಪಿಸುತ್ತಿದ್ದರೆ ಅಜ್ಜ ಮಾತ್ರ, "ಹೋತು ಬಿಡ್ರಿ, ಅದಕ್ಕೂ ಮನ್ಯಾಗ ಮಕ್ಕಳು ಅದಾವು" ಅಂದಿದ್ದ. ಕುರಿ ಕಳೆದುಕೊಂಡವನು ಹೀಗೆ ಹೇಳುತ್ತಾನಲ್ಲ ಅಂತ ನನಗೆ ಆಗ ಸಿಟ್ಟು ಬಂದಿತ್ತು. ಆ ಮಾತಿನ ಒಳಗೆ ಎಷ್ಟು ದೊಡ್ಡ ಪ್ರಾಣಿಶಾಸ್ತ್ರ ಇತ್ತು ಅಂತ ತಿಳಿದದ್ದು ಈಚೆಗೆ.

ತಿಳಿದುಕೊಳ್ಳಬೇಕಾಗಿ ಬಂದದ್ದು ಹೀಗೆ. ಮೊದಲ ವರ್ಷದ ಬಿ.ಕಾಂ.ಗೆ ಬಂದು ಹಾಸ್ಟೆಲ್ ಸೇರಿದಾಗ ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ತಮಿಳು ಸೊನ್ನೆ. ರಾತ್ರಿ ಊಟವಾದ ಮೇಲೆ ಹೊಸಬರನ್ನೆಲ್ಲ ವರಾಂಡದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹಿರಿಯನೊಬ್ಬ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು, "ತೋಳದ ಹಿಂಡು ಗೊತ್ತಾ? ಅಲ್ಲಿ ಒಬ್ಬನೇ ಆಲ್ಫಾ. ಹೊಸಬರು ತಲೆ ತಗ್ಗಿಸಬೇಕು, ಇಲ್ಲದಿದ್ದರೆ ಕಚ್ಚಿಸಿಕೊಳ್ಳಬೇಕು. ಇದು ಪ್ರಕೃತಿಯ ಕಾನೂನು" ಅಂತ ಭಾಷಣ ಮಾಡುತ್ತಿದ್ದ. ಮೊಬೈಲಿನಲ್ಲಿ ಇಂಥ ವಿಡಿಯೋಗಳು ನೂರಾರು ಸಿಗುತ್ತವೆ. ನಾವೂ ನಂಬಿದೆವು. ಪ್ರಕೃತಿಯ ಕಾನೂನು ಅಂದಮೇಲೆ ಅಪೀಲು ಎಲ್ಲಿ?

ಹಾಗಾದರೆ ತೋಳದ ಹಿಂಡಿಗೆ ಹೊಸ ಮರಿ ಬಂದಾಗ ನಿಜವಾಗಿ ಏನಾಗುತ್ತದೆ? ಈ ಲೇಖನದ ವಿಷಯ ಇಷ್ಟೇ.

ಮೊದಲು ಈ 'ಆಲ್ಫಾ' ಎಂಬ ಮಾತು ಎಲ್ಲಿಂದ ಬಂತು ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸೆರೆಯಲ್ಲಿದ್ದ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ ೧೯೪೭ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೋಳ ಕಿವಿ, ಬಾಲ, ತುಟಿ, ಬೆನ್ನಿನ ಕೂದಲುಗಳಿಂದ ಹೇಗೆ ಮಾತಾಡುತ್ತದೆ ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲ ಎನ್ನಬಹುದು. ಹಿಂಡಿನಲ್ಲಿ ಮೇಲಿನ ಸ್ಥಾನಕ್ಕೆ ಸದಾ ಸ್ಪರ್ಧೆ ಇರುತ್ತದೆ, ಗೆದ್ದದ್ದು ಮೇಲೆ, ಸೋತದ್ದು ಕೆಳಗೆ ಎಂದು ಅವರು ಕಂಡುಕೊಂಡರು. ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದು ಎಲ್ಲಿ? ಹತ್ತು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದದ ಒಂದು ಆವರಣ. ಅದರೊಳಗೆ ಹತ್ತರವರೆಗೆ ತೋಳಗಳು. ನಮ್ಮ ಹಾಸ್ಟೆಲ್ಲಿನ ಊಟದ ಹಾಲು ಅದಕ್ಕಿಂತ ಬಹಳ ಚಿಕ್ಕದೇನಲ್ಲ.

ಈ ಚಿತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. ಅಮೆರಿಕದ ಡೇವಿಡ್ ಮೆಕ್ ೧೯೭೦ರಲ್ಲಿ ತೋಳದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲೂ ಆಲ್ಫಾ ಬಂತು, ಅಲ್ಲಿಂದ ಲೋಕದ ಬಾಯಿಗೆ ಬಿತ್ತು. ಆಮೇಲೆ ಇದೇ ಮೆಕ್ ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ೧೯೮೬ರಿಂದ ಬೇಸಿಗೆ ಬೇಸಿಗೆಗೂ ಹೋಗಿ, ಮನುಷ್ಯರಿಗೆ ಅಂಜದ ಕಾಡುತೋಳಗಳ ಗುಂಪಿನ ಪಕ್ಕದಲ್ಲೇ ಕೂತು ನೋಡಿದರು. ೧೯೯೯ರಲ್ಲಿ ಅವರು ಬರೆದದ್ದರ ಸಾರಾಂಶ ಇದು: ಕಾಡಿನ ಹಿಂಡು ಎಂದರೆ ಅಪ್ಪ, ಅಮ್ಮ, ಅವರ ಈ ವರ್ಷದ ಮರಿಗಳು ಮತ್ತು ಹಿಂದಿನ ಒಂದೆರಡು ವರ್ಷದ ಮಕ್ಕಳು. ಅಷ್ಟೇ. ಅಪ್ಪ ಅಮ್ಮ ಮುಂದೆ ನಡೆಯುವುದು ಯಾರನ್ನೋ ಸೋಲಿಸಿದ್ದರಿಂದ ಅಲ್ಲ, ಹೆತ್ತವರಾದ್ದರಿಂದ. ನಮ್ಮ ಮನೆಯಲ್ಲಿ ಅಪ್ಪನನ್ನು ಯಾರಾದರೂ 'ಆಲ್ಫಾ' ಅಂತ ಕರೆಯುತ್ತೇವೆಯೇ? ತಮ್ಮ ಹಳೆಯ ಪುಸ್ತಕದ ಅಚ್ಚು ನಿಲ್ಲಿಸಿ ಅಂತ ಮೆಕ್ ಸ್ವತಃ ಪ್ರಕಾಶಕರನ್ನು ಕೇಳಿಕೊಂಡರು. ತಾನು ಬರೆದದ್ದನ್ನು ತಾನೇ ತಿದ್ದುವುದು ದೊಡ್ಡ ಗುಣ. ಆದರೆ ವಿಡಿಯೋ ಮಾಡುವವರಿಗೆ ತಿದ್ದುಪಡಿ ಇನ್ನೂ ತಲುಪಿಲ್ಲ.

ಸರಿ, ಈಗ ಮರಿಯ ವಿಷಯಕ್ಕೆ ಬರೋಣ.

ತೋಳದ ಗರ್ಭ ಸುಮಾರು ೬೩ ದಿನ, ನಾಯಿಯ ಹಾಗೇ. ವರ್ಷಕ್ಕೆ ಒಂದೇ ಸೂಲು. ನಮ್ಮ ದೇಶದ ತೋಳಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಹುಟ್ಟಿದಾಗ ಮರಿಗೆ ಕಣ್ಣೂ ಇಲ್ಲ, ಕಿವಿಯೂ ಕೇಳದು. ಎರಡು ವಾರಕ್ಕೆ ಕಣ್ಣು ಬಿಡುತ್ತದೆ. ಮೂರು ವಾರಕ್ಕೆ ತಡವರಿಸುತ್ತ ಬಿಲದ ಬಾಯಿಗೆ ಬರುತ್ತದೆ. ಆಮೇಲಿನ ಕೆಲವೇ ವಾರಗಳಲ್ಲಿ ಅದು ಯಾರನ್ನು ನೋಡಿ ಮೂಸಿ ಆಡುತ್ತದೋ ಅವರೇ ಜನ್ಮಪೂರ್ತಿ 'ನಮ್ಮವರು'. ಈ ಗಡುವು ಮೀರಿದರೆ ಹೊಸಬರೆಲ್ಲ ಪರಕೀಯರು. ಮರಿಯನ್ನು ಹಿಂಡಿಗೆ ಸೇರಿಸುವ ಕೆಲಸ ಗಡಿಯಾರ ನೋಡಿಕೊಂಡು ಮಾಡುವ ಕೆಲಸವಾಗಿರುವುದು ಈ ಕಾರಣಕ್ಕೆ.

ಹಾಲು ಬಿಡಿಸುವ ಹೊತ್ತಿಗೆ ಮರಿಗೆ ಮಾಂಸ ಬೇಕು. ಬೇಟೆ ಮೈಲಿಗಟ್ಟಲೆ ದೂರದಲ್ಲಿ. ತೋಳಕ್ಕೆ ಚೀಲ ಇಲ್ಲ, ಗಾಡಿ ಇಲ್ಲ. ಅದಕ್ಕಿರುವುದು ಹೊಟ್ಟೆ ಒಂದೇ. ಗಬಗಬನೆ ನುಂಗಿ, ಹೊಟ್ಟೆಯಲ್ಲೇ ಹೊತ್ತು ತಂದು, ಮರಿ ಬಂದು ಬಾಯಿಯ ಮೂಲೆಯನ್ನು ನೆಕ್ಕಿದ ಕೂಡಲೇ ಅದರ ಮುಂದೆ ಕಕ್ಕುತ್ತದೆ. ಕೇಳುವುದಕ್ಕೆ ಹೇಸಿಗೆ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಭೀಮನಿಗೆ ವೃಕೋದರ ಎಂಬ ಹೆಸರು ಬಂದದ್ದು ತೋಳದ ಹೊಟ್ಟೆಯವನು ಎಂಬ ಅರ್ಥದಲ್ಲಿ, ಹೊಟ್ಟೆಬಾಕ ಅಂತ ನಾವು ನಗುತ್ತೇವೆ. ತೋಳದ ಹೊಟ್ಟೆ ಬರೀ ತಿನ್ನುವ ಹೊಟ್ಟೆಯಲ್ಲ, ಹೊತ್ತು ತರುವ ಹೊಟ್ಟೆ. ಸಂತೆಯಿಂದ ಅಪ್ಪ ತರುವ ಮಂಡಕ್ಕಿ ಪೊಟ್ಟಣ ಇದ್ದ ಹಾಗೆ. ಅಪ್ಪ ಅಮ್ಮ ಮಾತ್ರವಲ್ಲ, ಹಿಂದಿನ ವರ್ಷದ ಅಣ್ಣ ಅಕ್ಕಂದಿರೂ ಹೀಗೆ ತಂದು ಹಾಕುತ್ತಾರೆ. ಸೆರೆಯಲ್ಲಿರುವ ತೋಳಗಳ ರಕ್ತ ಪರೀಕ್ಷಿಸಿದಾಗ, ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನು ಮರಿಗಳ ಕಾಲದಲ್ಲಿ ಹೆಣ್ಣಿನಲ್ಲಷ್ಟೇ ಅಲ್ಲ, ಗಂಡಿನಲ್ಲೂ, ಮರಿ ಹಾಕದ ತೋಳಗಳಲ್ಲೂ ಏರುವುದು ಕಂಡುಬಂದಿದೆ. ಅಂದರೆ ಮರಿ ಸಾಕುವ ಮನಸ್ಸು ಇಡೀ ಹಿಂಡಿನ ಮೈಯಲ್ಲೇ ಋತುವಿನಂತೆ ಬರುತ್ತದೆ.

ಹೆತ್ತ ಮರಿ ಆಯಿತು. ಹೆರದ ಮರಿಯನ್ನು ತಂದು ಬಿಟ್ಟರೆ? ಇದನ್ನು ವರ್ಷಗಳಿಂದ ಪದ್ಧತಿಯಾಗಿ ಮಾಡಿಕೊಂಡು ಬಂದ ಜಾಗ ಅಮೆರಿಕದ ಮಿನ್ನೆಸೋಟ ರಾಜ್ಯದ ಈಲಿ ಎಂಬ ಸಣ್ಣ ಊರಿನಲ್ಲಿದೆ. ಅದರ ಹೆಸರು ಅಂತರರಾಷ್ಟ್ರೀಯ ತೋಳ ಕೇಂದ್ರ. ಅಲ್ಲಿಯ ಹಿಂಡು ಜನರ ಶಿಕ್ಷಣಕ್ಕಾಗಿ ಇರುವ ಸೆರೆಹಿಂಡು. ಹಳೆಯ ತೋಳಗಳು ಮುದಿಯಾಗುತ್ತಿದ್ದಂತೆ ಕೆಲವು ವರ್ಷಕ್ಕೊಮ್ಮೆ ಬೇರೆ ಕಡೆ ಹುಟ್ಟಿದ ಮರಿಗಳನ್ನು ತರುತ್ತಾರೆ. ೨೦೧೬ರಲ್ಲಿ ಹೀಗೆ ಬಂದವು ಆಕ್ಸಲ್, ಗ್ರೇಸನ್ ಎಂಬ ಎರಡು ಉತ್ತರಧ್ರುವದ ತೋಳದ ಮರಿಗಳು.

ಅಲ್ಲಿಯ ಕ್ರಮ ಹೀಗಿದೆ. ತೀರ ಎಳೆಯ ಮರಿಯನ್ನು ತಂದು ಮನುಷ್ಯರೇ ಹಗಲು ರಾತ್ರಿ ಸರದಿಯ ಮೇಲೆ ಬಾಟಲಿ ಹಾಲು ಕುಡಿಸಿ ಸಾಕುತ್ತಾರೆ. ಇಲ್ಲದಿದ್ದರೆ ಆ ತೋಳ ಆಯುಷ್ಯವಿಡೀ ಜನರನ್ನು ಕಂಡು ನಡುಗುತ್ತಲೇ ಸೆರೆಯಲ್ಲಿ ಬದುಕಬೇಕಾಗುತ್ತದೆ. ಸ್ವಲ್ಪ ಬೆಳೆದ ಮೇಲೆ ಹಿರಿಯ ಹಿಂಡಿನ ಆವರಣದ ಪಕ್ಕದಲ್ಲೇ ಒಂದು ಸಣ್ಣ ಅಂಗಳ. ನಡುವೆ ಜಾಲರಿ. ವಾರಗಟ್ಟಲೆ ಹಿರಿಯರು ಆಚೆಯಿಂದ ಮೂಸುತ್ತಾರೆ, ಮರಿಗಳು ಈಚೆಯಿಂದ ಬಾಲ ಅಲ್ಲಾಡಿಸುತ್ತವೆ. ವಾಸನೆಯ ಪರಿಚಯ ಮೊದಲು, ಮೈಯ ಪರಿಚಯ ಆಮೇಲೆ. ಮರಿಗೆ ಸುಮಾರು ಮೂರು ತಿಂಗಳಾಗುವ ಹೊತ್ತಿಗೆ, ಹಿರಿಯರ ಹೊಟ್ಟೆ ತುಂಬಿರುವಾಗ, ಜೊತೆಯಲ್ಲಿ ನೋಡಿಕೊಳ್ಳುವವರನ್ನು ನಿಲ್ಲಿಸಿ, ಬಾಗಿಲು ತೆಗೆಯುತ್ತಾರೆ.

ಆ ಗಳಿಗೆ ನೋಡುವವರ ಎದೆ ಬಡಿದುಕೊಳ್ಳುವ ಗಳಿಗೆ. ದೊಡ್ಡ ತೋಳ ಬಾಲ ಎತ್ತಿ ಓಡಿ ಬರುತ್ತದೆ. ಮರಿ ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಿ, ಬಾಲ ಕಾಲ ಸಂದಿಗೆ ಸೇರಿಸಿ, ಹಿರಿಯನ ಬಾಯಿಯ ಮೂಲೆ ನೆಕ್ಕಲು ಮೂತಿ ಎತ್ತುತ್ತದೆ. ಇಲ್ಲವೇ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತದೆ. ಒಮ್ಮೊಮ್ಮೆ ಒಂದೆರಡು ಹನಿ ಉಚ್ಚೆಯನ್ನೂ ಹೊಯ್ದುಕೊಳ್ಳುತ್ತದೆ. ಹಿರಿಯ ತೋಳ ಮರಿಯ ಮೂತಿಯನ್ನು ಇಡೀ ಬಾಯಲ್ಲಿ ಹಿಡಿಯುತ್ತದೆ, ನೆಲಕ್ಕೆ ಒತ್ತುತ್ತದೆ, ಮರಿ ಕಿರುಚುತ್ತದೆ. ಮುಗಿಯಿತು ಮರಿಯ ಕಥೆ ಅಂತ ನಮಗನ್ನಿಸುತ್ತದೆ. ಆದರೆ ಹಲ್ಲು ಇಳಿಯುವುದಿಲ್ಲ. ಮೂಳೆ ಮುರಿಯಬಲ್ಲ ದವಡೆ, ಮರಿಯ ಮೂತಿಯ ಮೇಲೆ ನಮ್ಮ ಅಮ್ಮ ಕಿವಿ ಹಿಂಡಿದಷ್ಟೇ ಭಾರ ಹಾಕುತ್ತದೆ.

ಈ ತಗ್ಗುವಿಕೆಯನ್ನು ಶೆಂಕೆಲ್ ೧೯೬೭ರಲ್ಲಿ ಮತ್ತೆ ವಿವರಿಸಿದರು. ಬಾಯಿ ನೆಕ್ಕುವುದು ಬಿಲದ ಮುಂದೆ ಅನ್ನ ಕೇಳುವ ಭಾಷೆಯೇ. ಅಂಗಾತ ಬೀಳುವುದು, ತಾಯಿ ಹೊಟ್ಟೆ ನೆಕ್ಕಿ ಚೊಕ್ಕ ಮಾಡುವಾಗ ಮರಿ ಮಲಗುವ ಭಂಗಿಯೇ. ಅಂದರೆ ನಾವು ಸೋಲು ಎಂದು ಓದುವ ಆ ತಲೆತಗ್ಗಿಸುವಿಕೆ ಸೋಲಲ್ಲ. "ನಾನು ಮರಿ, ನೀನು ದೊಡ್ಡವನು, ನೋಡಿಕೋ" ಎಂಬ ಅಹವಾಲು. ಅದಕ್ಕೆ ಹಿರಿಯ ತೋಳ ಕೊಡುವ ಉತ್ತರ, ಎಷ್ಟೋ ಸಲ, ಮರಿಯ ಮುಂದೆ ಹೊಟ್ಟೆಯೊಳಗಿನ ಮಾಂಸ ಕಕ್ಕುವುದು. ತಗ್ಗಿದವನಿಗೆ ಅನ್ನ ಹಾಕುವುದು ಅಲ್ಲಿಯ ಕಾನೂನು! ಇದನ್ನು ನಮ್ಮ ವರಾಂಡದ ಭಾಷಣದಲ್ಲಿ ಯಾರೂ ಹೇಳಿರಲಿಲ್ಲ.

ಅಷ್ಟೇ ಅಲ್ಲ, ಮರಿಗೆ ಒಂದು ವಿಶೇಷ ರಿಯಾಯಿತಿಯೂ ಇದೆ. ಹಿರಿಯನ ಬಾಲ ಎಳೆಯಬಹುದು, ಅವನ ಮೈಮೇಲೆ ಹತ್ತಿ ಇಳಿಯಬಹುದು. ಬೆಳೆದ ತೋಳ ಹಾಗೆ ಮಾಡಿದ್ದರೆ ರಕ್ತ ಬರುತ್ತಿತ್ತು. ಇನ್ನೊಂದು ಸೋಜಿಗ: ಬಾಯಿಯ ಪಕ್ಕದ ತುಂಡು ಯಾರದೋ ಅವರದೇ. ಎಷ್ಟೇ ಕೆಳಗಿನ ತೋಳವಾದರೂ ತನ್ನ ಮೂತಿಯ ಕೆಳಗಿರುವ ಎಲುಬಿಗೆ ಗುರ್ ಅನ್ನಬಹುದು, ಹಿರಿಯರೂ ಅದನ್ನು ಗೌರವಿಸುವುದುಂಟು. ಹೊಸಬನ ತಟ್ಟೆಯ ಹಪ್ಪಳ ಕಿತ್ತುಕೊಳ್ಳುವ ಹಕ್ಕು ತೋಳಗಳ ಹಿರಿಯರಿಗೂ ಇಲ್ಲ ಎಂದಾಯಿತು.

ಹಾಗಾದರೆ ಬಾಸೆಲ್‌ನಲ್ಲಿ ಕಂಡ ಜಗಳ ಎಲ್ಲಿಂದ ಬಂತು? ಇಲ್ಲೇ ಇರುವುದು ವಿಷಯದ ಗುಟ್ಟು. ತೋಳದ ಮರಿ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ವಯಸ್ಸಿಗೆ ಬರುತ್ತದೆ. ಕಾಡಿನಲ್ಲಾದರೆ ಒಂದರಿಂದ ಮೂರು ವರ್ಷದೊಳಗೆ ಅದು ಮನೆ ಬಿಟ್ಟು ಹೊರಡುತ್ತದೆ. ಎಷ್ಟೋ ಮೈಲಿ ನಡೆದು, ತನ್ನಂತೆಯೇ ಮನೆ ಬಿಟ್ಟು ಬಂದ ಒಂದು ಜೊತೆ ಹುಡುಕಿ, ಹೊಸ ಸಂಸಾರ ಹೂಡುತ್ತದೆ. ಅಪ್ಪನನ್ನು ಸೋಲಿಸಿ ಅಪ್ಪನ ಜಾಗ ಹಿಡಿಯುವ ದರ್ದೇ ಅದಕ್ಕಿಲ್ಲ, ಊರೆಲ್ಲ ಖಾಲಿ ಬಿದ್ದಿದೆ. ಬೇಲಿಯೊಳಗೆ? ಹೊರಡಬೇಕಾದ ದಿನ ಬರುತ್ತದೆ, ಬಾಗಿಲು ಇರುವುದಿಲ್ಲ. ಕಾಲಿನಲ್ಲಿ ನಡೆದು ತೀರಬೇಕಾದ ತಳಮಳ ಹಲ್ಲಿಗೆ ಬರುತ್ತದೆ. ಚಳಿಗಾಲ, ಅಂದರೆ ಉತ್ತರದ ದೇಶಗಳಲ್ಲಿ ಬೆದೆಯ ಕಾಲ, ಬಂತೆಂದರೆ ಎರಡು ವರ್ಷದ ಹುಡುಗ ತೋಳ ಹಿರಿಯನನ್ನು ಪರೀಕ್ಷಿಸಲು ತೊಡಗುತ್ತದೆ. ಸೋತ ತೋಳ ಕಾಡಿನಲ್ಲಾದರೆ ಓಡಿ ತಪ್ಪಿಸಿಕೊಳ್ಳುತ್ತಿತ್ತು. ಇಲ್ಲಿ ಬೇಲಿಯ ಮೂಲೆಗೆ ಒತ್ತಿಸಿಕೊಂಡು ದಿನವೂ ಕಚ್ಚಿಸಿಕೊಳ್ಳುತ್ತದೆ, ಸಾಯುವುದೂ ಉಂಟು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬೆಳೆದ ತೋಳಗಳನ್ನು ಒಂದೇ ಕಡೆ ಕೂಡಿಹಾಕಿದರಂತೂ ಕೇಳುವುದೇ ಬೇಡ.

ಆದ್ದರಿಂದ ಒಳ್ಳೆಯ ಮೃಗಾಲಯದವರು ಮರಿ ಸೇರಿಸುವಾಗಲೇ ಮುಂದಿನ ಲೆಕ್ಕ ಹಾಕಿರುತ್ತಾರೆ. ಕಣ್ಣಿಗೆ ಬೀಳದೆ ಅಡಗಲು ಗಿಡಗಂಟಿ, ಬಂಡೆ, ದಿಬ್ಬ ಇರಬೇಕು. ಮೂಲೆ ಇಲ್ಲದ ಬೇಲಿ ಇರಬೇಕು. ಮಾಂಸವನ್ನು ಒಂದೇ ಕಡೆ ಸುರಿಯದೆ ಹಲವು ಕಡೆ ಇಡಬೇಕು. ಹೆರುವ ತಾಯಿಗೆ ಒಂಟಿ ಬಿಲ ಮತ್ತು ನಿಶ್ಶಬ್ದ ಬೇಕು, ಗದ್ದಲಕ್ಕೆ ಗಾಬರಿಯಾದ ತಾಯಿ ಮರಿಯನ್ನೇ ಕೊಲ್ಲುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಒಂದು ಅಂಗಳ ಸಿದ್ಧವಾಗಿರಬೇಕು. ಈಲಿಯಲ್ಲಿ ಮುದಿಯಾದ, ಹಿಂಡಿನ ಒತ್ತಡ ತಾಳದ ತೋಳಗಳನ್ನು ಜನರ ಕಣ್ಣಿನಿಂದ ದೂರವಾದ ಪ್ರತ್ಯೇಕ ಆವರಣಕ್ಕೆ ಕಳಿಸುತ್ತಾರೆ. ಅದಕ್ಕೆ ನಿವೃತ್ತಿ ಅಂತಲೇ ಹೆಸರು. ಪಿಂಚಣಿ ಇಲ್ಲದಿದ್ದರೂ ನೆಮ್ಮದಿ ಇದೆ. ಕಾಡು ತಾನಾಗಿ ಕೊಡುತ್ತಿದ್ದ ಬಾಗಿಲನ್ನು ಇಲ್ಲಿ ಮನುಷ್ಯ ಕೊಡುತ್ತಾನೆ, ಅಷ್ಟೇ ವ್ಯತ್ಯಾಸ.

ಮರಿಯನ್ನು ಒಪ್ಪಿಕೊಳ್ಳುವ ಗುಣ ಸೆರೆಯಲ್ಲಿ ಕಲಿತದ್ದಲ್ಲ ಎಂಬುದಕ್ಕೆ ಒಂದು ಸಾಕ್ಷಿ ಹೇಳಿ ಈ ಭಾಗ ಮುಗಿಸುತ್ತೇನೆ. ಕಾಡಿನಿಂದ ಬಹುತೇಕ ಅಳಿಸಿಹೋಗಿದ್ದ ಮೆಕ್ಸಿಕೋ ತೋಳವನ್ನು ಉಳಿಸಲು ಅಮೆರಿಕದವರು ೨೦೧೬ರಿಂದ ಒಂದು ಸಾಹಸ ಮಾಡುತ್ತಿದ್ದಾರೆ. ಮೃಗಾಲಯದಲ್ಲಿ ಹುಟ್ಟಿ ಇನ್ನೂ ಎರಡು ವಾರ ತುಂಬದ ಮರಿಗಳನ್ನು ವಿಮಾನದಲ್ಲಿ ಒಯ್ದು, ಕಾಡುತೋಳದ ಬಿಲದಲ್ಲಿರುವ ಅದೇ ವಯಸ್ಸಿನ ಮರಿಗಳ ಜೊತೆ ಸೇರಿಸಿ, ಎಲ್ಲಕ್ಕೂ ಒಂದೇ ವಾಸನೆ ಬರುವಂತೆ ಮಾಡಿ ಇಟ್ಟು ಬರುತ್ತಾರೆ. ತಾಯಿ ವಾಪಸು ಬಂದು ಎಲ್ಲವನ್ನೂ ತನ್ನವೇ ಅಂತ ಸಾಕುತ್ತಾಳೆ. ಲೆಕ್ಕ ಹೆಚ್ಚಾಯಿತಲ್ಲ ಅಂತ ಆಡಿಟ್ ಮಾಡುವುದಿಲ್ಲ!

ನಮ್ಮ ತೋಳಗಳ ಸ್ಥಿತಿಯೇನು? ಭಾರತದ ಬಯಲುಸೀಮೆಯ ತೋಳಗಳು ಈಗ ಅಂದಾಜು ಮೂರು ಸಾವಿರ ಇರಬಹುದು, ಹುಲಿಗಳಿಗಿಂತ ಕಡಿಮೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಸಾಲಿನಲ್ಲೇ ತೋಳದ ಹೆಸರೂ ಇದೆ. ಆದರೆ ಹುಲಿಗಿರುವ ಪ್ರತಿಷ್ಠೆ ಇದಕ್ಕಿಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ೧೯೭೪ರಲ್ಲೇ ತೋಳಕ್ಕಾಗಿ ಅಭಯಾರಣ್ಯ ಮಾಡಿದರು. ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ೩೩೨ ಹೆಕ್ಟೇರಿನ ತೋಳಧಾಮ ಆಗಿದೆ. ಬಯಲು ಹೀಗೆ ಉಳಿದರೆ ಮಾತ್ರ ಮರಿಗೆ ಹೊರಡಲು ಬಾಗಿಲು ಉಳಿಯುತ್ತದೆ. ಗಣಿ, ರಸ್ತೆ, ಲೇಔಟು ಬಂದು ಬಯಲೇ ಮುಚ್ಚಿದರೆ ಇಡೀ ನಾಡೇ ಬಾಸೆಲ್ ಮೃಗಾಲಯದ ಆ ಆವರಣವಾಗುತ್ತದೆ. ಕುರಿಗಾರನ ನಷ್ಟವೂ ಸುಳ್ಳಲ್ಲ. ಪರಿಹಾರ ಬೇಗ ಕೈಸೇರಿದರೆ ನಮ್ಮ ಅಜ್ಜನ ಹಾಗೆ "ಹೋತು ಬಿಡ್ರಿ" ಅನ್ನುವವರು ಇನ್ನೂ ಸಿಕ್ಕಾರು.

ಕೊನೆಗೆ ಒಂದು ಮಾತು ಹೇಳದಿದ್ದರೆ ಈ ಲೇಖನ ಬರೆದದ್ದು ಪ್ರಾಮಾಣಿಕವಾಗುವುದಿಲ್ಲ. ಎರಡನೆಯ ವರ್ಷ ಹಾಸ್ಟೆಲ್ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತವರಲ್ಲಿ ನಾನೂ ಇದ್ದೆ. ರ‍್ಯಾಗಿಂಗ್ ಮಾಡಬಾರದು ಅಂತ ತಮಿಳುನಾಡಿನಲ್ಲಿ ೧೯೯೭ರಿಂದಲೇ ಕಾನೂನಿದೆ. ನಾವು ಮಾಡಿದ್ದು ಅಂಥ ದೊಡ್ಡದೇನಲ್ಲ ಅಂತ ಆಗ ಅಂದುಕೊಂಡೆ. ಬಳ್ಳಾರಿ ಕಡೆಯ ಒಬ್ಬ ಹುಡುಗನನ್ನು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳು ಅಂತ ನಿಲ್ಲಿಸಿದೆವು. ಅವನು ತಪ್ಪು ಹೇಳಿದ, ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನದೇ ಇಂಗ್ಲಿಷು ಹಿಂದಿನ ವರ್ಷ ಅದಕ್ಕಿಂತ ಹರುಕಾಗಿತ್ತು ಎಂಬುದು ಅಲ್ಲಿ ಯಾರಿಗೂ ನೆನಪಿರಲಿಲ್ಲ, ನನಗೆ ಬಿಟ್ಟು. ಎರಡು ವಾರಕ್ಕೆ ಅವನು ಟ್ರಂಕು ಹೊತ್ತುಕೊಂಡು ಊರಿಗೆ ಹೋದ. ತಿರುಗಿ ಬರಲಿಲ್ಲ. ನಾಲ್ಕು ಗೋಡೆಯ ನಡುವೆ ಅಪರಿಚಿತರನ್ನು ಕೂಡಿಹಾಕಿದರೆ ಏನಾಗುತ್ತದೆ ಅಂತ ಶೆಂಕೆಲ್ ಬರೆದದ್ದನ್ನು ಓದುವ ಮೊದಲೇ ನಾವು ಮಾಡಿ ತೋರಿಸಿದ್ದೆವು.

ಬರುವ ಜೂನ್‌ನಲ್ಲಿ ಮತ್ತೆ ಹೊಸಬರು ಬರುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಕನ್ನಡದವರು ಇರುತ್ತಾರೆ, ನಮ್ಮ ಸಂಘದ ಬಾಗಿಲಿಗೂ ಬರುತ್ತಾರೆ. ತಲೆ ತಗ್ಗಿಸಿಯೇ ಬರುತ್ತಾರೆ, ಅದು ಸಹಜ. ಮೊದಲು ಅವರನ್ನು ಮೆಸ್ಸಿಗೆ ಕರೆದುಕೊಂಡು ಹೋಗಿ ಊಟ ಎಲ್ಲಿ, ಎಷ್ಟು ಗಂಟೆಗೆ, ಯಾವ ಸಾಲಿನಲ್ಲಿ ಅಂತ ತೋರಿಸಬೇಕು. ಪರಿಚಯ ಆಮೇಲೆ ಕನ್ನಡದಲ್ಲೇ ಆಗಲಿ.